ಮನೆಯ ಕಡೆಗೆ ಮುಖ

ನನಗೆ ಕಾರಿನಲ್ಲಿ ಕೂತರೆ ನಿದ್ದೆ ಬರುತ್ತದೆ. ಮೊಮ್ಮಕ್ಕಳಿಗೆ ಅದೊಂದು ತಮಾಷೆ. ಹೆಬ್ಬಾಳ ಬಂದಾಗ ಮಾತ್ರ ಯಾರೂ ಎಬ್ಬಿಸದಿದ್ದರೂ ಕಣ್ಣು ತಾನಾಗಿ ತೆರೆಯುತ್ತದೆ. ನಾನು ಕಂಡ ರಸ್ತೆ ಅಲ್ಲಿ ಈಗ ಇಲ್ಲ, ಅದರ ಮೇಲೆ ಸೇತುವೆಗಳು ಅಡ್ಡಾದಿಡ್ಡಿ ಹಾದುಹೋಗಿವೆ. ಆದರೂ ನನ್ನ ಸೊಂಟಕ್ಕೆ ಗೊತ್ತಾಗುತ್ತದೆ: ಇಲ್ಲಿ ರಸ್ತೆ ಇಳಿಯುತ್ತಿತ್ತು, ಇಲ್ಲಿ ಮರಗಳ ಸಂದಿಯಿಂದ ಕೆರೆಯ ನೀರು ಕಾಣುತ್ತಿತ್ತು, ಇಲ್ಲಿ ನಮ್ಮ ವ್ಯಾನಿನ ಹಿಂದೆ ಕಟ್ಟಿದ್ದ ಟ್ರೈಲರ್ ಬಾಲ ಅಲ್ಲಾಡಿಸಿತ್ತು.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಮದುವೆಯಾಗಿ ಯಲಹಂಕದ ಪಕ್ಕದ ಹಳ್ಳಿಗೆ ಬಂದು ಎರಡು ಅವರೆ ಸುಗ್ಗಿ ಕಳೆದಿದ್ದವು. ತವರು ದೇವನಹಳ್ಳಿಯ ಆಚೆ. ಅಲ್ಲಿಂದ ಹೊರಟ ದಿನ ನನ್ನ ಅವ್ವ ನನ್ನನ್ನು ಎತ್ತಿನ ಗಾಡಿಯ ಹಿಂದಿನ ಅಂಚಿನಲ್ಲಿ, ಕಾಲು ಇಳಿಬಿಟ್ಟು, ಮನೆಯ ಕಡೆಗೆ ಮುಖ ಮಾಡಿಸಿ ಕೂರಿಸಿದ್ದಳು. ಮನೆಯ ಕಡೆ ನೋಡುತ್ತಾ ಹೋದವಳು ಮನೆಗೆ ತಿರುಗಿ ಬರುತ್ತಾಳೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಗಾಡಿಯ ಹಿಂದೆ ಅಪ್ಪ ಬಳುವಳಿಯಾಗಿ ಕೊಟ್ಟ ಕೆಂದ ಕಡಸನ್ನು ಕಟ್ಟಿದ್ದರು. ನಾನು ಊರಿನ ಕಡೆ ನೋಡುತ್ತಿದ್ದೆ, ಅದು ನನ್ನ ಕಡೆ ನೋಡುತ್ತಾ ನಡೆಯುತ್ತಿತ್ತು. ಊರು ಮರೆಯಾದ ಮೇಲೆ ನೋಡಲು ನನಗೆ ಅದೊಂದೇ ಉಳಿಯಿತು.

ಹೊಸ ಮನೆಯಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಆ ಹಸುವಿನ ಹತ್ತಿರವೇ. ಅತ್ತೆ ಕೆಟ್ಟವರಲ್ಲ, ಆದರೆ ಮಾತು ಕಡಿಮೆ. ಅವರ ತವರು ದಾಸರಹಳ್ಳಿ. ನಮ್ಮೂರಿಂದ ಗಾಡಿ ಕಟ್ಟಿದರೆ ಮಧ್ಯಾಹ್ನದ ಮುದ್ದೆಗೆ ಅಲ್ಲಿರಬಹುದು, ಅಷ್ಟು ಹತ್ತಿರ. ಆದರೂ ಮದುವೆಯಾಗಿ ಬಂದವರು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ಮಾವನಿಗೂ ಅತ್ತೆಯ ಅಣ್ಣನಿಗೂ ಮಾತಿಗೆ ಮಾತು ಬೆಳೆದು, ಮಾವ ಇನ್ನು ಆ ಹೊಸಿಲು ತುಳಿಯುವುದಿಲ್ಲ, ತುಳಿಯಲು ಬಿಡುವುದೂ ಇಲ್ಲ ಎಂದುಬಿಟ್ಟಿದ್ದರಂತೆ. ಆ ಸುದ್ದಿ ಎತ್ತಬೇಡ ಎಂದು ನಮ್ಮವರು ಮದುವೆಯಾದ ವಾರದಲ್ಲೇ ನನಗೆ ಹೇಳಿದ್ದರು. ನಮ್ಮವರು ಎಂದರೆ ನನ್ನ ಗಂಡ. ಹೆಸರು ಹೇಳುವ ಅಭ್ಯಾಸ ನಮಗಿಲ್ಲ, ಈಗ ಅವರು ಇಲ್ಲದಿರುವಾಗಲೂ ಇಲ್ಲ.

ನಮ್ಮವರು ಒಂದು ಹಳೆಯ ವ್ಯಾನ್ ಇಟ್ಟುಕೊಂಡು ಸುತ್ತಲಿನ ಊರುಗಳ ದ್ರಾಕ್ಷಿ, ಸೀಬೆ, ಅವರೆಕಾಯಿಯನ್ನು ಪೇಟೆಗೆ ಸಾಗಿಸುತ್ತಿದ್ದರು. ಸುಗ್ಗಿಯಲ್ಲಿ ವ್ಯಾನ್ ಸಾಲದಾದಾಗ ಮಿಲಿಟರಿಯವರು ಹರಾಜು ಹಾಕಿದ ಎರಡು ಚಕ್ರದ ಟ್ರೈಲರೊಂದನ್ನು ತಂದರು. ಹಸಿರು ಬಣ್ಣ ಅಲ್ಲಲ್ಲಿ ಎದ್ದು ಹೋಗಿತ್ತು. ಊರಿನ ಬಡಗಿಯಿಂದ ಸುತ್ತ ಹಲಗೆ ಹೊಡೆಸಿದರು. ಆಮೇಲೆ ಶುರುವಾಯಿತು ಅದರ ಉಪಚಾರ. ಹೊರಡುವ ಮೊದಲು ಕೊಂಡಿಯ ಪಿನ್ನನ್ನು ಕೈಯಿಂದ ಎಳೆದು ನೋಡಬೇಕು, ಪಿನ್ನು ಕೈಕೊಟ್ಟರೂ ಟ್ರೈಲರ್ ಓಡಿಹೋಗದ ಹಾಗೆ ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡಹಾಕಿ ಬಿಗಿಯಬೇಕು, ಎರಡೂ ಚಕ್ರದ ಗಾಳಿ ಒಂದೇ ಸಮ ಇರಬೇಕು. ಅರ್ಧ ಮೈಲಿ ಹೋದ ಮೇಲೆ ಇಳಿದು ಇನ್ನೊಮ್ಮೆ ನೋಡಬೇಕು. ಟ್ರೈಲರಿನಲ್ಲಿ ಮನುಷ್ಯರು ಕೂರುವ ಹಾಗಿಲ್ಲ, ಎಷ್ಟೇ ಆಸೆಪಟ್ಟರೂ ಇಲ್ಲ. ಆ ಕಬ್ಬಿಣದ ಪೆಟ್ಟಿಗೆಗೆ ತೋರಿಸಿದ ಕಾಳಜಿಯಲ್ಲಿ ಕಾಲುಭಾಗ ನನಗೆ ತೋರಿಸಿದ್ದರೆ ಸಾಕಿತ್ತು ಎಂದು ನಾನು ಹಸುವಿಗೆ ಹೇಳುತ್ತಿದ್ದೆ.

ಮಾವನಿಗೆ ಟ್ರೈಲರ್ ಕಂಡರೆ ಆಗುತ್ತಿರಲಿಲ್ಲ. ಅವರು ಜೀವಮಾನವೆಲ್ಲ ಗಾಡಿ ಹೊಡೆದವರು. ಅವರು ಭಾರ ಹೇರಿದ ಗಾಡಿಯ ನೊಗವನ್ನು ಒಂದು ಕೈಯಲ್ಲಿ ಎತ್ತಬಹುದಿತ್ತು, ಅಷ್ಟು ಸಮ. ಮೂಟೆಗಳನ್ನು ಹಿಂದಕ್ಕೆ ಸರಿಸಿ ಸರಿಸಿ, ಎತ್ತಿನ ಕೊರಳ ಮೇಲೆ ಭಾರವೇ ಇಲ್ಲವೇನೋ ಎನ್ನುವ ಹಾಗೆ ಮಾಡುತ್ತಿದ್ದರು. ಬಾಯಿಲ್ಲದ ಜೀವದ ಕೊಳ್ಳಿಗೆ, ಎಂದರೆ ಕೊರಳಿಗೆ, ಭಾರ ಹಾಕಿದವನಿಗೆ ಅನ್ನ ಹುಟ್ಟುವುದಿಲ್ಲ ಎನ್ನುವುದು ಅವರ ಮಾತು. ನಮ್ಮವರು ಟ್ರೈಲರಿನಲ್ಲಿ ಬುಟ್ಟಿಗಳನ್ನು ಮುಂಭಾಗಕ್ಕೆ ಒತ್ತಿ ಜೋಡಿಸುವುದನ್ನು ಕಂಡಾಗಲೆಲ್ಲ, ವ್ಯಾನಿಗೆ ಬಾಯಿದ್ದಿದ್ದರೆ ಅಳುತ್ತಿತ್ತು ಎಂದು ಮುಖ ಸಿಂಡರಿಸಿ ಒಳಗೆ ಹೋಗುತ್ತಿದ್ದರು.

ಆ ವರ್ಷ ನನ್ನ ಹಸು ಗಬ್ಬವಾಗಿತ್ತು. ಚೊಚ್ಚಲು. ಧನುರ್ಮಾಸದ ದಿನಗಳು, ಬೆಳಗಾದರೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿರುತ್ತಿತ್ತು. ಕಣದ ರಾಗಿ ಮೆದೆಗಳು ಅಷ್ಟು ದೂರದಲ್ಲಿ ಬೆಟ್ಟದ ಹಾಗೆ ತೋರುತ್ತಿದ್ದವು, ಹತ್ತಿರ ಹೋದರೆ ಚಿಕ್ಕವಾಗುತ್ತಿದ್ದವು. ಗಾಳಿಯಲ್ಲೆಲ್ಲ ಅವರೆಕಾಯಿಯ ಸೊಗಡು. ಅಂಥ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಹಸು ಮಲಗುತ್ತಿತ್ತು, ಏಳುತ್ತಿತ್ತು, ಮತ್ತೆ ಮಲಗುತ್ತಿತ್ತು. ನೋವು ಬರುತ್ತಿದೆ, ಕರು ಬರುತ್ತಿಲ್ಲ. ಯಲಹಂಕದ ದನದ ಕಾಂಪೌಂಡರನ್ನು ನಮ್ಮವರು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದರು. ಅವರು ಕೈ ಹಾಕಿ ನೋಡಿ, ಕರು ಅಡ್ಡ ತಿರುಗಿದೆ, ಇದು ನನ್ನಿಂದಾಗುವ ಕೆಲಸವಲ್ಲ ಎಂದರು. ಹೆಬ್ಬಾಳದಲ್ಲಿ ದೊಡ್ಡ ಡಾಕ್ಟರು ಇದ್ದಾರೆ, ಬೇಗ ತಲುಪಿಸಿದರೆ ಹಸು ಉಳಿಯಬಹುದು, ಕರುವಿನ ಮಾತು ಆಮೇಲೆ ಎಂದರು. ತವರಿಂದ ನನ್ನ ಜೊತೆ ಬಂದಿದ್ದ ಜೀವ ಅದೊಂದೇ.

ನಡೆಸಿಕೊಂಡು ಹೋಗುವ ಸ್ಥಿತಿಯಲ್ಲಿ ಅದಿರಲಿಲ್ಲ. ಟ್ರೈಲರಿನಲ್ಲೇ ಒಯ್ಯುವುದೆಂದಾಯಿತು. ಹೊಲದ ಬದುವಿಗೆ ಟ್ರೈಲರಿನ ಹಿಂಭಾಗವನ್ನು ಒತ್ತಿ ನಿಲ್ಲಿಸಿದರೆ ಹಸು ಹತ್ತಬೇಕಾಗಿಲ್ಲ, ಬದುವಿನ ಮೇಲಿಂದ ಸಮನೆ ಒಳಕ್ಕೆ ನಡೆಯಬಹುದು. ನಮ್ಮವರು ಹಾಗೆಯೇ ನಿಲ್ಲಿಸಿದರು. ನಾನು ಹಗ್ಗ ಹಿಡಿದು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಅತ್ತೆ ಬಂದು ಹಸುವಿನ ಎದುರು ನಿಂತರು.

"ಮನೆ ಕಡೆ ಮಕ ಮಾಡಿ ನಿಲ್ಸಪ್ಪ. ಬೆನ್ ತಿರುಗಿಸ್ಕೊಂಡ್ ಹೊಂಟಿದ್ದು ತಿರುಗಿ ಬರಾಕಿಲ್ಲ."

ಹಾಗೆ ನಿಲ್ಲಿಸಿದರೆ ತಲೆ, ಹೆಗಲು, ಎದೆಯ ಭಾರವೆಲ್ಲ ಟ್ರೈಲರಿನ ಹಿಂದಕ್ಕೆ ಬೀಳುತ್ತದೆ, ಅದು ಒಳ್ಳೆಯದಲ್ಲ ಎಂದು ನಮ್ಮವರು ಹೇಳಿ ನೋಡಿದರು. ಮಾವನಿಗೆ ಆ ಮಾತು ಬೇಕಾಗಿಯೇ ಇತ್ತು. ಹಿಂದಕ್ಕೆ ಬೀಳಲಿ, ಕೊಳ್ಳು ಹಗುರವಾಗುತ್ತದೆ ಎಂದರು. ಅತ್ತೆ ಮಾವ ಒಂದೇ ಮಾತಿನ ಮೇಲೆ ನಿಂತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಅವತ್ತು ನಾನೂ ಅವರ ಕಡೆಗೇ ಇದ್ದೆ. ನನ್ನ ಅವ್ವ ನನ್ನನ್ನು ಕೂರಿಸಿದ್ದೂ ಹಾಗೆಯೇ ಅಲ್ಲವೇ? ಹಸು ತಿರುಗಿ ಬರಬೇಕು, ನನಗೆ ಬೇರೆ ಏನೂ ಬೇಕಿರಲಿಲ್ಲ. ವಾದ ಮಾಡುತ್ತಾ ನಿಂತರೆ ಹೊತ್ತು ಹೋಗುತ್ತದೆಂದು ನಮ್ಮವರು ಒಪ್ಪಿದರು. ನಿಧಾನವಾಗಿ ಹೋದರಾಯಿತು ಎಂದುಕೊಂಡರು.

ನೋವು ತಿನ್ನುತ್ತಿರುವ ಹಸುವನ್ನು ಹಿಂದಹಿಂದಕ್ಕೆ ನಡೆಸಿ ಟ್ರೈಲರಿಗೆ ತುಂಬುವುದು ಹೇಗಿರುತ್ತದೆಂದು ಈಗ ವಿವರಿಸಲಾರೆ. ಅತ್ತೆ ಅದರ ಎದೆಗೆ ಕೈಕೊಟ್ಟು ತಳ್ಳಿದರು, ನಾನು ಕಿವಿಯಲ್ಲಿ ಪಿಸುಗುಟ್ಟಿದೆ, ಮಾವ ಒಂದೊಂದೇ ಕಾಲು ಎತ್ತಿಸಿ ಇಡಿಸಿದರು. ಕೊನೆಗೆ ಹಸು ಮನೆಯ ಕಡೆ ನೋಡುತ್ತಾ ನಿಂತಿತು. ಮಾವ ಹುಲ್ಲಿನ ಮೂಟೆಯನ್ನೂ ಅದರ ಬಾಯಿಗೆ ಎಟುಕಲೆಂದು ಹಿಂದಕ್ಕೇ ಇಟ್ಟರು. ಆಮೇಲೆ ಮುಂದೆ ಬಂದು ಕೊಂಡಿಯ ಹತ್ತಿರ ಟ್ರೈಲರನ್ನು ಎಳೆಯುವ ಮೂಕಿಗೆ ಕೈಯಿಟ್ಟು, ಅಲುಗಿಸಿ ನೋಡಿ, ಹೂವಿನ ಹಾಗಿದೆ ಎಂದು ತೃಪ್ತಿಪಟ್ಟರು. ಅತ್ತೆ ಹಸುವಿನ ಹಣೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು.

ಅತ್ತೆ ಮನೆಯಲ್ಲೇ ಉಳಿದರು, ನಮ್ಮವರು, ಮಾವ, ನಾನು ಮೂವರೂ ವ್ಯಾನಿನಲ್ಲಿ ಕೂತೆವು. ನಾನು ಹಿಂದಿನ ಬಾಗಿಲ ಜಾಲರಿಗೆ ಮುಖವಿಟ್ಟು ಹಸುವನ್ನೇ ನೋಡುತ್ತಿದ್ದೆ. ಕಾಣುತ್ತಿದ್ದದ್ದು ಅದರ ಬೆನ್ನು, ಬಾಲ, ನೋವು ಬಂದಾಗ ಬಿಗಿಯುತ್ತಿದ್ದ ತೊಡೆ. ಬಳ್ಳಾರಿ ರಸ್ತೆಗೆ ಬಂದ ಮೇಲೆ ಎರಡೂ ಬದಿಯ ಮರಗಳು ಮಂಜಿನಿಂದ ಒಂದೊಂದಾಗಿ ಹೊರಬಂದು ಹಿಂದಕ್ಕೆ ಹೋಗುತ್ತಿದ್ದವು. ಯಾವುದೋ ಹಳ್ಳಿಯಲ್ಲಿ ಹೆಂಗಸರು ಬಾಗಿಲಿಗೆ ನೀರು ಹಾಕುತ್ತಿದ್ದರು, ಬಿಂದಿಗೆ ಕಂಡಿತೇ ಹೊರತು ಮುಖ ಕಾಣಲಿಲ್ಲ. ಎಲ್ಲೋ ರೈಲು ಕೂಗಿತು, ಎತ್ತ ಕಡೆಯಿಂದ ಎಂದು ತಿಳಿಯಲಿಲ್ಲ. ಜಗತ್ತಿನಲ್ಲಿ ನಾವು ಮೂವರು ಮತ್ತು ಆ ಹಸು ಬಿಟ್ಟರೆ ಯಾರೂ ಇಲ್ಲವೇನೋ, ಈ ರಸ್ತೆ ಹೀಗೇ ಹೋಗುತ್ತಲೇ ಇರುತ್ತದೇನೋ ಅನ್ನಿಸಿತು. ಭಯದ ನಡುವೆಯೂ ನನಗೆ ಮಂಪರು ಬಂದಿತ್ತು. ವ್ಯಾನ್ ಅಷ್ಟು ಮೆಲ್ಲಗೆ ಹೋಗುತ್ತಿತ್ತು.

ಹೆಬ್ಬಾಳದ ಇಳಿಜಾರಿನಲ್ಲಿ ಎಚ್ಚರವಾಯಿತು. ಇಳಿಜಾರಿಗೆ ವ್ಯಾನ್ ಸ್ವಲ್ಪ ವೇಗ ಹಿಡಿದಿತ್ತು. ನೋಡನೋಡುತ್ತಲೇ ಹಸುವಿನ ಬೆನ್ನು ಒಮ್ಮೆ ಎಡಕ್ಕೆ ಸರಿಯಿತು, ಒಮ್ಮೆ ಬಲಕ್ಕೆ. ಮೊದಲು ಹಸು ಅಲುಗಿತು ಅಂದುಕೊಂಡೆ. ಅಲ್ಲ, ಇಡೀ ಟ್ರೈಲರೇ ಬಾಲ ಬೀಸುತ್ತಿತ್ತು. ಒಂದೊಂದು ಬೀಸಿಗೂ ಇನ್ನಷ್ಟು ಅಗಲಕ್ಕೆ ಹೋಗುತ್ತಿತ್ತು, ನಮ್ಮ ವ್ಯಾನನ್ನೂ ಸೊಂಟ ಹಿಡಿದು ಅಲುಗಿಸುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಅವತ್ತು ಏರಿಯೂ ಅಲ್ಲೇ ಇತ್ತು, ನೀರೂ ಅಲ್ಲೇ ಇತ್ತು. ಮಾವ ಬ್ರೇಕು ಹಾಕು ಎಂದರು. ನಮ್ಮವರು ಹಾಕಲಿಲ್ಲ. ಬ್ರೇಕು ಒತ್ತಿದ್ದರೆ ಹಿಂದಿನದು ಮುಂದಿನದರ ಮೇಲೆ ಮಡಚಿಕೊಂಡು ಬೀಳುತ್ತಿತ್ತಂತೆ, ಆಮೇಲೆ ಹೇಳಿದರು. ಅವರು ಆಕ್ಸಿಲರೇಟರಿನಿಂದ ಕಾಲು ಎತ್ತಿ ಸುಮ್ಮನೆ ಕೂತರು. ಸ್ಟೀರಿಂಗ್ ಚಕ್ರವನ್ನು ನೆಟ್ಟಗೆ ಹಿಡಿದು, ಟ್ರೈಲರ್ ಎತ್ತ ಎಳೆದರೂ ಅದರ ಜೊತೆ ಜಗಳಕ್ಕೆ ಹೋಗದೆ, ವೇಗ ತಾನಾಗಿ ಸಾಯುವವರೆಗೆ ಕಾದರು. ಅವರ ಕತ್ತಿನ ನರ ನನಗೆ ಕಾಣುತ್ತಿತ್ತು. ಬೀಸು ಕಡಿಮೆಯಾಯಿತು, ಇನ್ನೂ ಕಡಿಮೆಯಾಯಿತು, ಕೆರೆ ಏರಿಯ ಹತ್ತಿರ ವ್ಯಾನ್ ನಿಂತಿತು.

ಮಾವ ಮೊದಲು ಇಳಿದು, ಗಾಡಿ ಹೊಡೆಯುವವರ ಅಭ್ಯಾಸದಂತೆ, ಎರಡು ಕಲ್ಲು ಹುಡುಕಿ ತಂದು ಟ್ರೈಲರಿನ ಚಕ್ರಗಳಿಗೆ ಕೊಟ್ಟರು. ಹಸು ಬಿದ್ದಿರಲಿಲ್ಲ. ಹಲಗೆಗೆ ಒರಗಿ, ಬಾಯಿ ತೆರೆದು, ನಾವು ಬಂದ ದಾರಿಯನ್ನು ನೋಡುತ್ತಿತ್ತು. ನಮ್ಮವರು ಇದನ್ನು ತಿರುಗಿಸಿ ನಿಲ್ಲಿಸದೆ ಇನ್ನೊಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ ಎಂದರು. ಮಾವ, ಮುಂದಕ್ಕೆ ಅಷ್ಟು ಭಾರ ಬಿದ್ದರೆ ಕೊಳ್ಳು ಮುರಿಯುತ್ತದೆ ಎಂದರು. ಆದರೆ ಈ ಸಲ ಅವರ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಅಪ್ಪ, ಎತ್ತಿಗಾದ್ರೆ ಕೊಳ್ಳು ನೋಯ್ತದೆ. ಈ ಕಬ್ಬಿಣಕ್ಕೆ ಏನು ನೋಯ್ತದೆ? ಮುಂದಕ್ಕೆ ಒಂಚೂರು ಭಾರ ಬಿದ್ರೇನೇ ಹಿಂದಿರೋದು ನೆಟ್ಟಗೆ ಬರೋದು."

ಮಾವ ನನ್ನ ಮುಖ ನೋಡಿದರು. ಹಸು ನನ್ನದು, ಅತ್ತೆಯ ಮಾತನ್ನು ಮುರಿಯಬೇಕಾದವಳೂ ನಾನೇ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಬೇಡಿ, ಅಲ್ಲಿದ್ದ ಎಲ್ಲರ ಮೇಲೂ, ಕೆರೆಯಲ್ಲಿ ಹಾಯಾಗಿ ಈಜುತ್ತಿದ್ದ ಬಾತುಗಳ ಮೇಲೂ. ಇಲ್ಲೇ ನಿಂತರೆ ಹಸು ಸಾಯುತ್ತದೆ. ಹೀಗೇ ಹೋದರೆ ನಾವೂ ಅದರ ಜೊತೆ ನೀರು ಪಾಲು. ತಿರುಗಿಸಿದರೆ ಬದುಕಬಹುದು, ಆದರೆ ಮನೆಗೆ ಬೆನ್ನು ಹಾಕಿ ಹೋದದ್ದಾಗುತ್ತದೆ. ತಿರುಗಿಸೋಣ ಎಂದೆ.

ನಮ್ಮವರು ವ್ಯಾನನ್ನು ಹಿಂದಕ್ಕೆ ನಡೆಸಿ ಟ್ರೈಲರನ್ನು ರಸ್ತೆ ಬದಿಯ ದಿಬ್ಬಕ್ಕೆ ಒತ್ತಿ ನಿಲ್ಲಿಸಿದರು. ಅದು ಸುಲಭದ ಕೆಲಸವಲ್ಲ, ಚಕ್ರ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ. ಮಾವ ಹಿಂದೆ ನಿಂತು ಕೈ ಬೀಸಿ ದಾರಿ ತೋರಿಸಿದರು. ಹಸು ನೆಟ್ಟಗೆ ದಿಬ್ಬಕ್ಕೆ ನಡೆದು ಬಂದದ್ದೇ ಮನೆಯ ದಿಕ್ಕಿಗೆ ಎರಡು ಹೆಜ್ಜೆ ಹಾಕಿತು. ನಾನು ಟ್ರೈಲರಿನೊಳಗೆ ಹೋಗಿ, ಮುಂದಿನ ಹಲಗೆಗೆ ಬೆನ್ನು ಕೊಟ್ಟು ನಿಂತು, ಬಾರೇ ಎಂದು ಕರೆದೆ. ತವರಿನಲ್ಲಿ ಕರುವಾಗಿದ್ದಾಗ ಕರೆಯುತ್ತಿದ್ದ ಹಾಗೆ ಕರೆದೆ. ಅದು ಮನೆಯ ದಾರಿ ನೋಡಿತು, ನನ್ನನ್ನು ನೋಡಿತು. ಆಮೇಲೆ ತಲೆ ತಗ್ಗಿಸಿಕೊಂಡು ಒಳಗೆ ನಡೆದು ಬಂದು, ತನ್ನ ಬಿಸಿ ಹಣೆಯನ್ನು ನನ್ನ ಹೊಟ್ಟೆಗೆ ಒತ್ತಿ ನಿಂತಿತು. ನಾನು ಅಲ್ಲೇ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ.

ಮಾವ ಹುಲ್ಲಿನ ಮೂಟೆಯನ್ನು ತಾವೇ ಮುಂದಕ್ಕೆ ತಂದಿಟ್ಟರು. ನಮ್ಮವರು ಪಿನ್ನು ಎಳೆದು ನೋಡಿದರು, ಸರಪಳಿ ನೋಡಿದರು. ನಾನು ವ್ಯಾನಿಗೆ ಬಂದು ಜಾಲರಿಗೆ ಮುಖವಿಟ್ಟರೆ ಈಗ ಹಸುವಿನ ಮುಖ ನನ್ನೆದುರಿಗಿತ್ತು. ಟ್ರೈಲರ್ ಒಮ್ಮೆಯೂ ಬಾಲ ಅಲ್ಲಾಡಿಸಲಿಲ್ಲ. ನಾನು ಮದುವಣಗಿತ್ತಿಯಾಗಿ ಬಂದ ದಿನದ ಹಾಗೆಯೇ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಹೋದೆವು.

ಹೆಬ್ಬಾಳದ ಡಾಕ್ಟರು ಅಂಗಿಯ ತೋಳು ಮಡಚಿ, ಎಣ್ಣೆ ಸವರಿಕೊಂಡು, ಬಹಳ ಹೊತ್ತು ಸೆಣಸಿದರು. ನಾನು ಹಸುವಿನ ಕೊಂಬು ಹಿಡಿದಿದ್ದೆ, ಹಿಂದೆ ಏನಾಗುತ್ತಿದೆ ಎಂದು ನೋಡುವ ಧೈರ್ಯವಿರಲಿಲ್ಲ. ಮಾವ ಬಾಲ ಹಿಡಿದು ನಿಂತು ಏನೋ ಗೊಣಗುತ್ತಿದ್ದರು, ದೇವರಿಗೋ ಹಸುವಿಗೋ ಗೊತ್ತಾಗಲಿಲ್ಲ. ಮಂಜು ಕರಗಿ ಬಿಸಿಲು ಬರುವ ಹೊತ್ತಿಗೆ ಕರು ಹೊರಗೆ ಬಂತು. ಉಸಿರಿಲ್ಲ ಅಂದುಕೊಂಡೆವು. ಡಾಕ್ಟರು ಅದರ ಮೂಗೊಳಗೆ ಒಂದು ಹುಲ್ಲುಕಡ್ಡಿ ಆಡಿಸಿದರು. ಅದು ಸೀನಿತು. ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು. ಮಾವ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಆಚೆ ಹೋದರು.

ಒಂದು ದಿನ ಅಲ್ಲೇ ಇಟ್ಟುಕೊಂಡು ಮಾರನೆಯ ಬೆಳಿಗ್ಗೆ ಬಿಟ್ಟರು. ಕರುವನ್ನು ಕಂಬಳಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು ವ್ಯಾನಿನ ಹಿಂಭಾಗದಲ್ಲಿ ಕೂತೆ. ಟ್ರೈಲರಿನಲ್ಲಿ ಹಸುವಿಗೆ ಯಾರೂ ಇಲ್ಲಿ ನಿಲ್ಲು ಎನ್ನಬೇಕಾಗಲಿಲ್ಲ. ಕರು ಮುಂದಿತ್ತು, ತಾಯಿ ದಾರಿಯುದ್ದಕ್ಕೂ ಕತ್ತು ಚಾಚಿಕೊಂಡು ಮುಂದಿನ ಹಲಗೆಗೆ ಒತ್ತಿಕೊಂಡೇ ನಿಂತಿತು. ಭಾರ ಎಲ್ಲಿರಬೇಕೋ ಅಲ್ಲಿಗೆ ತಾನಾಗಿ ಬಂದಿತ್ತು. ಅಂಥ ಪಯಣವನ್ನು ನಾನು ಮತ್ತೆ ಕಾಣಲಿಲ್ಲ. ಕರುವಿನ ಎದೆ ನನ್ನ ಅಂಗೈಯಲ್ಲಿ ಬಡಿಯುತ್ತಿತ್ತು, ಮರಗಳ ನೆರಳು ಹಸುವಿನ ಮುಖದ ಮೇಲೆ ಬಂದು ಬಂದು ಹೋಗುತ್ತಿತ್ತು. ನನಗೆ ಮತ್ತೆ ನಿದ್ದೆ ಬಂತು. ಈಗಲೂ ವಾಹನದಲ್ಲಿ ಕೂತರೆ ಬರುವುದು ಆ ನಿದ್ದೆಯೇ ಇರಬೇಕು.

ಅತ್ತೆ ಬಾಗಿಲಲ್ಲೇ ಕಾದಿದ್ದರು. ಹಸುವಿನ ಕಾಲಿಗೆ ನೀರು ಹಾಕಿದರು, ಅರಿಶಿನ ಹಚ್ಚಿದರು, ಕರುವಿನ ಬಾಯಿ ಮುಟ್ಟಿದರು. ಮನೆ ಕಡೆ ಮುಖ ಮಾಡಿ ಕಳಿಸಿದ್ದಕ್ಕೇ ಬಂದಳು ನೋಡಿ ಎಂದರು. ಮಾವ ಸರಪಳಿ ಬಿಚ್ಚುವ ನೆಪದಲ್ಲಿ ಬಗ್ಗಿದರು. ನಮ್ಮವರು ಚಕ್ರದ ಗಾಳಿ ನೋಡತೊಡಗಿದರು. ಸುಳ್ಳು ಹೇಳಿದ್ದರೆ ಎಲ್ಲರಿಗೂ ಸುಖವಿತ್ತು. ನನ್ನಿಂದ ಆಗಲಿಲ್ಲ. ದಾರಿಯಲ್ಲಿ ಆದದ್ದನ್ನೆಲ್ಲ ಹೇಳಿದೆ, ಹಸುವನ್ನು ಮನೆಗೆ ಬೆನ್ನು ಹಾಕಿಸಿ ನಿಲ್ಲಿಸಿದವಳು ನಾನೇ ಎಂದೆ. ಬೈಗುಳಕ್ಕೆ ಮೈಯೊಡ್ಡಿ ನಿಂತೆ.

ಅತ್ತೆ ಬೈಯಲಿಲ್ಲ. ಕೈಯಲ್ಲಿದ್ದ ಚೊಂಬನ್ನು ಜಗಲಿಯ ಮೇಲಿಟ್ಟು, ಹಸುವಿನ ಕುತ್ತಿಗೆ ನೇವರಿಸಿದರು.

"ನನ್ನೂ ಇಂಗೇ ಕೂರ್ಸಿದ್ರು ಕಣಮ್ಮ, ಮನೆ ಕಡೆ ಮಕ ಮಾಡಿ. ಆ ಮನೆ ಬಾಗ್ಲು ತಿರುಗಿ ಕಂಡ್ನಾ ನಾನು?"

ಕೋಪವಿರಲಿಲ್ಲ, ಕಣ್ಣೀರೂ ಇರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಯಾರನ್ನೋ ಕೇಳುವ ಹಾಗೆ ಕೇಳಿದರು. ಮಾವ ಸರಪಳಿ ಹಿಡಿದುಕೊಂಡು ಬಗ್ಗಿದವರು ಬಗ್ಗಿಯೇ ಇದ್ದರು. ಆ ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. ಕೊಟ್ಟಿಗೆಗೆ ಹೋಗಿ ಕರುವಿನ ಪಕ್ಕ ಕೂತರು, ಬಂದರು, ಮತ್ತೆ ಹೋದರು. ಸಂಜೆ ನಮ್ಮವರನ್ನು ಕರೆದು, ನಾಳೆ ವ್ಯಾನಿಗೆ ಬೇರೆ ಬಾಡಿಗೆ ಒಪ್ಪಿಕೊಳ್ಳಬೇಡ ಎಂದರು.

ಬೆಳಿಗ್ಗೆ ನಾನು ಎದ್ದಾಗ ಟ್ರೈಲರ್ ಬಾಗಿಲಲ್ಲಿ ನಿಂತಿತ್ತು. ಮಾವ ಅವರೆಕಾಯಿಯ ಮೂಟೆ, ರಾಗಿಯ ಮೂಟೆ, ಕುಂಬಳಕಾಯಿಗಳನ್ನು ತಾವೇ ಹೇರುತ್ತಿದ್ದರು. ಎಲ್ಲವನ್ನೂ ಮುಂಭಾಗಕ್ಕೆ ಒತ್ತಿ ಜೋಡಿಸಿ, ಮೂಕಿಯನ್ನು ಎತ್ತಿ ನೋಡಿ, ಒಂದಿಷ್ಟು ಭಾರ ಕೈಗೆ ಹತ್ತಿದ ಮೇಲೆ ಬಿಟ್ಟರು. ದಾಸರಹಳ್ಳಿಗೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ಮದುವೆಯ ಸೀರೆ ಉಟ್ಟು ಹೊರಗೆ ಬಂದು, ಅಭ್ಯಾಸದಂತೆ ವ್ಯಾನಿನ ಹಿಂದಿನ ಬಾಗಿಲಿಗೆ ಹೋದರು. ಮಾವ ಆಗಲೇ ಅಲ್ಲಿ ಹತ್ತಿ, ಜಾಲರಿಯ ಕಡೆಗೆ ಮುಖ ಮಾಡಿ ಕೂತಿದ್ದರು.

"ಮನೆ ಕಡೆ ನಾ ಮಕ ಮಾಡ್ಕೊಂಡಿರ್ತೀನಿ," ಎಂದರು. "ನೀ ಮುಂದೆ ಕೂತ್ಕೊ. ನಿಮ್ಮೂರ್ ಕಡೆ ನೋಡ್ಕೊಂಡ್ ನಡಿ."

ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ ಮುಂದಕ್ಕೆ ನಡೆದು, ಮಗನ ಪಕ್ಕದ ಸೀಟಿಗೆ ಹತ್ತಿ ಕೂತರು. ನಮ್ಮವರು ಇಳಿದು ಬಂದು ಪಿನ್ನು ಎಳೆದು ನೋಡಿದರು, ಸರಪಳಿ ನೋಡಿದರು. ವ್ಯಾನ್ ಹೊರಟಿತು. ಜಾಲರಿಯ ಹಿಂದೆ ಮಾವನ ಮುಖ ನನಗೆ ಬೀದಿಯ ಕೊನೆಯವರೆಗೂ ಕಾಣುತ್ತಿತ್ತು. ಅತ್ತೆ ಒಮ್ಮೆಯೂ ತಿರುಗಿ ನೋಡಲಿಲ್ಲ.